ಪಾದ ಒತ್ತಿ ನೋಡುವ ಡಾಕ್ಟರಬಾಯಿ

ಡಾಕ್ಟರಬಾಯಿಯ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ಕರುಣಾಮಯಿ, ಮೃದುಭಾಷಿ, ಮಾತೃಹೃದಯಿ ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ತಪ್ಪು ಸಭೆಗೆ ಬಂದೆನೋ ಏನೋ ಎಂದು ಅನುಮಾನವಾಯಿತು. ಹಾರ ಹಾಕಿದ ಫೋಟೋ ಅವರದೇ, ಹುಬ್ಬು ಗಂಟಿಕ್ಕಿದ್ದೂ ಅವರ ಹಾಗೆಯೇ. ಮೃದುಭಾಷಿಯಂತೆ! ಪುಣೆಯ ಸದಾಶಿವ ಪೇಠೆಯ ನಮ್ಮ ಗಲ್ಲಿಯಲ್ಲಿ ಅವರಿಂದ ಬೈಸಿಕೊಳ್ಳದ ತಾಯಿ ಇರಲಿಲ್ಲ. ಬೈಸಿಕೊಂಡ ಮೇಲೂ ಕೂಸಿಗೆ ಜ್ವರ ಬಂದರೆ ಮತ್ತೆ ಅಲ್ಲಿಗೇ ಓಡದ ತಾಯಿಯೂ ಇರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಇನ್ಯಾರದೋ ಒಳ್ಳೆಯತನವನ್ನು ತಂದು ಇವರಿಗೆ ಹೊದಿಸುವುದು ಯಾವ ನ್ಯಾಯ?

ನಾನು ಎದ್ದು ಮಾತಾಡಲಿಲ್ಲ. ಮಾತಾಡಿದ್ದರೆ ಅವರ ಹೆಬ್ಬೆರಳಿನ ವಿಷಯ ಹೇಳಬೇಕಾಗುತ್ತಿತ್ತು, ಅದನ್ನು ಹೇಳಿದರೆ ನಮ್ಮ ಮನೆಯ ವಿಷಯವೂ ಬರುತ್ತಿತ್ತು. ಆ ಸಂಗತಿ ನಡೆದು ಕೆಲವು ವರ್ಷಗಳೇ ಆದವು. ಈಗಲೂ ನೆನಪಾದರೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುತ್ತೇನೆ.

ನಾನು ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದು ನಿವೃತ್ತನಾದವನು. ಅಣ್ಣನದು ಹೋಟೆಲು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಮೊದಲ ಇಡ್ಲಿ ಪಾತ್ರೆ ಇಟ್ಟ ಜಾಗದಲ್ಲೇ ಅದು ಇವತ್ತಿಗೂ ನಡೆಯುತ್ತಿದೆ. ಕೆಳಗೆ ಹೋಟೆಲು, ಮೇಲೆ ಮನೆ. ಮದುವೆಯ ಗೋಜಿಗೆ ಹೋಗದ ನಾನು ಆ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು ಅತ್ತಿಗೆಯ ಕೈಯಡಿಗೆ ಉಂಡು ಬೆಳೆದವನು, ಅಂದರೆ ಅಡ್ಡಡ್ಡ ಬೆಳೆದವನು. ಡಾಕ್ಟರಬಾಯಿಯ ದವಾಖಾನೆ ರಸ್ತೆಯ ಆಚೆ, ಒಂದು ಹಳೆಯ ತೊಟ್ಟಿಮನೆಯ, ಇಲ್ಲಿನವರ ಮಾತಲ್ಲಿ ವಾಡೆಯ, ಕೆಳಮನೆಯಲ್ಲಿ. ಅವರು ಕಲಬುರ್ಗಿ ಕಡೆಯವರು. ಗಂಡನ ನೌಕರಿಯ ಜೊತೆ ಪುಣೆಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ರೋಗಿಗಳ ಜೊತೆ ಮರಾಠಿ, ರಿಕ್ಷಾದವನ ಜೊತೆ ಹಿಂದಿ. ಕನ್ನಡಕ್ಕಾಗಿ ನಮ್ಮ ಹೋಟೆಲಿಗೆ ಬರುತ್ತೇನೆ ಎನ್ನುತ್ತಿದ್ದರು. ಬಂದು ಆ ಕನ್ನಡದಲ್ಲಿ ನಮ್ಮನ್ನು ಬೈಯುತ್ತಿದ್ದರು.

ಗಲ್ಲಾದ ಪಕ್ಕದ ಸಣ್ಣ ಮೇಜು ಅವರದು. ಎದುರಿನ ಕುರ್ಚಿ ನನ್ನದು. ಇಡ್ಲಿ ಬಂತೆಂದರೆ ಸಾಂಬಾರಿನ ಬಕೆಟ್ ಹಿಡಿದ ಸಪ್ಲಯರನನ್ನು ಕೈಯೆತ್ತಿ ತಡೆಯುತ್ತಿದ್ದರು.

"ಮ್ಯಾಲಿಂದು ಬ್ಯಾಡಪಾ. ಸೌಟು ತಳಕ್ಕ ಮುಟ್ಟಲಿ, ಬ್ಯಾಳಿ ಬರ್ಲಿ. ಮ್ಯಾಲಿನ ನೀರು ನಿಮ್ಮ ಮಾಲಕರಿಗೆ ಇಡು."

ಗಲ್ಲಾದಲ್ಲಿದ್ದ ಅಣ್ಣನಿಗೆ ಉರಿಯುತ್ತಿತ್ತು. "ನಮ್ಮ ಸಾಂಬಾರಿಗೆ ಇಡೀ ಪೇಠೆಯಲ್ಲಿ ಹೆಸರುಂಟು ಡಾಕ್ಟ್ರೇ."

"ಹೆಸರು ಅದ ರೀ, ಯಾರು ಇಲ್ಲ ಅಂದ್ರು? ಬ್ಯಾಳಿ ಎಲ್ಲೆದ?"

ಇದು ಬರೀ ತಮಾಷೆ ಆಗಿರಲಿಲ್ಲ. ದವಾಖಾನೆಯಲ್ಲಿ ತಾಯಂದಿರ ಜೊತೆ ಅವರ ಜಗಳ ನಡೆಯುತ್ತಿದ್ದುದೂ ಇದೇ ತಳ-ಮೇಲಿನ ವಿಷಯಕ್ಕೆ. ಕೂಸಿಗೆ ಏನು ತಿನ್ನಿಸುತ್ತೀ ಎಂದರೆ, ಬೇಳೆಯ ತಿಳಿನೀರು ಎಂದು ಹೆಮ್ಮೆಯಿಂದ ಹೇಳುವವರೇ ಎಲ್ಲ. ಸತ್ವವೆಲ್ಲ ತಿಳಿಯಲ್ಲಿ ಇಳಿದಿರುತ್ತದೆ, ಬೇಳೆ ಕೂಸಿಗೆ ಜಡ ಎಂಬ ನಂಬಿಕೆ. "ಸತ್ವ ತಳದಾಗ ಕುಂತಿರ್ತದ, ಅದನ್ನ ಗಂಡ ತಿಂತಾನ. ಕೂಸಿಗೆ ನೀರು ಕುಡಿಸ್ತೀರಿ. ಕೂಸು ಮೀನೇನು?" ಎಂದು ಅವರು ಮರಾಠಿಯಲ್ಲಿ ಗದರುವುದು ರಸ್ತೆ ದಾಟಿ ನಮ್ಮ ಹೋಟೆಲಿಗೆ ಕೇಳುತ್ತಿತ್ತು. ಗಿರಾಕಿಗಳು ನಗುತ್ತಿದ್ದರು.

ಒಮ್ಮೆ ಔಷಧಿ ಕಂಪನಿಯವನೊಬ್ಬ ಕ್ಯಾಲೆಂಡರ್ ತಂದುಕೊಟ್ಟ. ಅದರಲ್ಲಿ ಗುಂಡುಗುಂಡಾದ, ಬೊಚ್ಚುಬಾಯಿ ಬಿಟ್ಟು ನಗುವ ಕೂಸಿನ ಚಿತ್ರ. ಎಂಥವರಿಗೂ ಎತ್ತಿ ಮುದ್ದಾಡಬೇಕೆನಿಸುವಂಥದ್ದು. ಡಾಕ್ಟರಬಾಯಿ ಕನ್ನಡಕ ಏರಿಸಿ ನೋಡಿ, "ಇದರ ಪಾದ ಎಲ್ಲಿ? ಬರೇ ಮಾರಿ ತೋರ್ಸ್ಯಾರಲ್ಲ" ಎಂದು ಅದನ್ನು ಅವನಿಗೇ ವಾಪಸು ಕೊಟ್ಟರು. ಪಾಪ, ಅವನು ಇನ್ನೊಂದು ಕಡೆ ಹೋಗಿ ಈ ಬಾಯಿಗೆ ತಲೆ ಸರಿ ಇಲ್ಲ ಎಂದು ಹೇಳಿರಬೇಕು.

ಕೂಸು ಒಳಗೆ ಬಂದರೆ ಅವರು ಮೊದಲು ನೋಡುತ್ತಿದ್ದದ್ದು ಪಾದ. ನೆಗಡಿಗೆ ಬಂದಿರಲಿ, ಚುಚ್ಚುಮದ್ದಿಗೆ ಬಂದಿರಲಿ, ಕಾಲುಚೀಲ ಬಿಚ್ಚಿಸಿ, ಗೆಜ್ಜೆ ಮೇಲೆ ಸರಿಸಿ, ತಮ್ಮ ಹೆಬ್ಬೆರಳನ್ನು ಸೆರಗಿಗೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಎರಡೂ ಪಾದಗಳ ಮೇಲೆ ತುಸು ಹೊತ್ತು ಒತ್ತಿ ಹಿಡಿಯುತ್ತಿದ್ದರು. ಬೆರಳು ತೆಗೆದು ಬಗ್ಗಿ ನೋಡುತ್ತಿದ್ದರು. ಆಮೇಲೆ ತಕ್ಕಡಿ, ತೋಳಿನ ಸುತ್ತ ಅಳತೆಪಟ್ಟಿ, ಎಲ್ಲ ಮುಗಿದ ಮೇಲೆ ಕೂಸಿನ ಮುಖ.

"ಎಂತ ಡಾಕ್ಟ್ರೇ, ದೇವರ ಪಾದ ಬಿಟ್ಟು ಮಕ್ಕಳ ಪಾದಕ್ಕೆ ಬಿದ್ದಿದ್ದೀರಿ?" ಎಂದು ನಾನು ಕೆಣಕಿದ್ದೆ.

"ಮಾರಿ ನೋಡಿದ್ರ ನಾನೂ ಮರುಳಾಗ್ತೀನಿ ಮಾಸ್ತರ. ಪಾದಕ್ಕ ನಾಟಕ ಬರೂದಿಲ್ಲ" ಎಂದರು. ಆಮೇಲೆ, ನನಗೆ ಪಾಠ ಮಾಡುವ ಅವಕಾಶ ಸಿಕ್ಕಿತೆಂಬ ಖುಷಿಯಲ್ಲಿ, ಬಿಡಿಸಿ ಹೇಳಿದರು. ಹೊಟ್ಟೆಗೆ ಸಾಲದ ಮಕ್ಕಳೆಲ್ಲ ಬಡಕಲಾಗುವುದಿಲ್ಲ. ಹೊಟ್ಟೆ ತುಂಬುತ್ತದೆ, ಆದರೆ ಬೇಳೆಯಲ್ಲಿ, ಹಾಲಿನಲ್ಲಿ, ಮೊಟ್ಟೆಯಲ್ಲಿ ಇರುವಂಥದ್ದು ಒಂದೂ ಒಳಗೆ ಹೋಗುವುದಿಲ್ಲ. ಅಂಥ ಕೆಲವು ಮಕ್ಕಳ ಮೈ ನೀರು ತುಂಬಿ ಉಬ್ಬಿಕೊಳ್ಳುತ್ತದೆ. ನೋಡಿದವರು ಮೈ ತುಂಬಿಕೊಂಡಿತು ಎನ್ನುತ್ತಾರೆ. ತೂಕವೂ ಏರುತ್ತದೆ. "ತಕ್ಕಡಿಗೇನು ಗೊತ್ತು? ಅದಕ್ಕ ನೀರೂ ಒಂದ, ಮಾಂಸಾನೂ ಒಂದ."

ನಾನು ತಲೆಯಾಡಿಸಿ ಕಾಫಿ ಕುಡಿದೆ. ಶಾಲೆಯಲ್ಲಿ ನನ್ನ ಪಾಠಕ್ಕೆ ಮಕ್ಕಳು ತಲೆಯಾಡಿಸುತ್ತಿದ್ದ ಹಾಗೆ.

ಒಂದು ಭಾನುವಾರ ಅವರ ಜೊತೆ ಹೋಗಿದ್ದೆ. ಭೋರ್ ಕಡೆಗೆ ಹೋಗುವ ರಸ್ತೆಯಲ್ಲಿ, ಏಳುತ್ತಿದ್ದ ದೊಡ್ಡ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳು. ಇದ್ದವರೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ನಮ್ಮ ಕನ್ನಡದವರು. ಡಾಕ್ಟರಬಾಯಿ ಒಂದು ಹೆಣ್ಣುಕೂಸಿನ ತೋಳಿಗೆ ಮೂರು ಬಣ್ಣದ ಅಳತೆಪಟ್ಟಿ ಸುತ್ತಿ ಎಳೆದರು. ಹಸಿರು ದಾಟಿತು, ಹಳದಿ ದಾಟಿತು, ಕೆಂಪಿಗೆ ಹೋಗಿ ನಿಂತಿತು.

"ನಮ್ಮ ವಂಶಾನ ಸಣ್ಣ ಐತ್ರಿ ಬಾಯಾರ" ಎಂದಳು ತಾಯಿ.

"ವಂಶ ಸಣ್ಣದಿರ್ಲಿ ಯವ್ವಾ. ತೋಳು ಕಟಗಿ ಆಗಬಾರ್ದು. ನಡಿ ದವಾಖಾನಿಗೆ, ಇವತ್ತಿನ ಪಗಾರ ಹೋದ್ರ ಹೋಗ್ಲಿ" ಎಂದು ಅವಳನ್ನೂ ಗಂಡನನ್ನೂ ಗದರಿಸಿ, ರಿಕ್ಷಾ ಹತ್ತಿಸಿ, ತಾವೂ ಜೊತೆಗೆ ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿಯೇ ಮನೆಗೆ ಬಂದರು.

ವಾಪಸು ಬರುವಾಗ ನನ್ನ ಕಣ್ಣು ಒದ್ದೆಯಾಗಿತ್ತು. "ಬಡತನ ದೊಡ್ಡ ರೋಗ ಡಾಕ್ಟ್ರೇ. ನಮ್ಮ ಪೇಠೆಯಲ್ಲಿ ಇಂಥದ್ದಿಲ್ಲ, ದೇವರು ದೊಡ್ಡವನು" ಎಂದೆ. ಅವರು ನನ್ನ ಕಡೆ ತಿರುಗಿದರು.

"ಇವ್ರ ಕೂಸು ಬತ್ತಿದ್ರ ನಿಮ್ಮಂಥವ್ರಿಗೂ ಕಾಣ್ತದ. ಉಂಡುಟ್ಟವ್ರ ಮನ್ಯಾಗ ಯಾರು ಕೇಳ್ತಾರ, ಕೂಸಿಗೆ ಏನು ಹಾಕ್ತೀರಿ ಅಂತ? ನಾಚಿಕಿ ಬರ್ತದ ಕೇಳ್ಲಿಕ್ಕೆ. ನನಗೂ ಬರ್ತದ."

ಈ ಬಾಯಿಗೆ ಎಲ್ಲದರಲ್ಲೂ ಕೊಂಕು ಎಂದುಕೊಂಡೆ. ಅವರು ನಾಚಿಕೆಯ ಮಾತಾಡಿದ್ದು ಅದೊಂದೇ ಸಲ.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಪುಟ್ಟಿ ಕೂವೆ ಗಂಜಿಯ ಮೇಲೆ ಬೆಳೆಯುತ್ತಿದ್ದಳು. ಪುಟ್ಟಿ ಅಣ್ಣನ ಮೊಮ್ಮಗಳು. ಅವಳ ಅಪ್ಪ, ಅಂದರೆ ಅಣ್ಣನ ಮಗ, ಹೋಟೆಲು ನೋಡಿಕೊಳ್ಳುತ್ತಾನೆ. ಅಮ್ಮ ಬೆಂಗಳೂರಿನ ಹುಡುಗಿ, ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ. ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದಾಗ ಎದೆಹಾಲು ನಿಂತಿತು, ಹಸುವಿನ ಹಾಲು ಶುರುವಾಯಿತು, ಶುರುವಾದ ಕೆಲವೇ ದಿನಕ್ಕೆ ಪುಟ್ಟಿಗೆ ಭೇದಿ. ಔಷಧಿಗೆ ನಿಲ್ಲಲಿಲ್ಲ. ಆಗ ಅತ್ತಿಗೆ ಊರಿಂದ ಕೂವೆ ಹುಡಿ ತರಿಸಿದರು.

ಘಟ್ಟದ ಕೆಳಗಿನವರಿಗೆ ಕೂವೆಯ ವಿಷಯ ಹೇಳಬೇಕಾಗಿಲ್ಲ. ಗಡ್ಡೆಯನ್ನು ತುರಿದು, ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ತಳದಲ್ಲಿ ನಿಂತ ಬಿಳಿ ಹಿಟ್ಟನ್ನು ಬಿಸಿಲಿಗೆ ಒಣಗಿಸಿದರೆ ಕೂವೆ ಹುಡಿ. ನೀರಿಗೆ ಹಾಕಿ ಕಾಯಿಸಿದರೆ ಗಂಜಿ. ಹೊಟ್ಟೆ ಕೆಟ್ಟ ಮಕ್ಕಳಿಗೆ ನಮ್ಮಲ್ಲಿ ಅದೇ ಮದ್ದು. ನಾನೂ ಕುಡಿದವನೇ, ಅಣ್ಣನೂ ಕುಡಿದವನೇ. ಪುಟ್ಟಿಯ ಭೇದಿ ನಿಂತಿತು. ಅತ್ತಿಗೆ ಗೆದ್ದರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನೋಡಿ ಈಗ ಎಂದು ಎಲ್ಲರೆದುರು ಹೇಳಿಕೊಂಡರು.

ತಪ್ಪಾದದ್ದು ಆಮೇಲೆ. ಭೇದಿ ನಿಂತರೂ ಕೂವೆ ನಿಲ್ಲಲಿಲ್ಲ. ಹಾಲು ಕೊಟ್ಟರೆ ಮತ್ತೆ ಹೊಟ್ಟೆ ಕೆಡುತ್ತದೆಂದು ಹಾಲು ಬೇಡವಾಯಿತು, ಬೇಳೆ ವಾಯು, ಮೊಟ್ಟೆ ನಮ್ಮ ಮನೆಯೊಳಗೆ ಬರುವಂಥದ್ದಲ್ಲ. ಬೆಳಿಗ್ಗೆ ಕೂವೆ, ಮಧ್ಯಾಹ್ನ ಬೆಲ್ಲ ಹಾಕಿದ ಕೂವೆ, ರಾತ್ರಿ ಅನ್ನದ ಗಂಜಿತಿಳಿ. ತಿಂಗಳುಗಳೇ ಹೀಗೆ ಹೋದವು. ಪುಟ್ಟಿಯ ಅಮ್ಮನಿಗೆ ಒಳಗೊಳಗೇ ಕಸಿವಿಸಿ. "ಅತ್ತೆ, ಸ್ವಲ್ಪ ಬೇರೆ ಏನಾದ್ರೂ ಟ್ರೈ ಮಾಡೋಣ್ವಾ?" ಎಂದರೆ, "ನಿನ್ನ ಗಂಡ ಇದ್ರಲ್ಲೇ ಬೆಳೆದದ್ದು ಮಾರಾಯ್ತಿ" ಎಂಬ ಉತ್ತರ. ಚುಚ್ಚುಮದ್ದಿಗೆ ಹೋದಲ್ಲಿ ತಕ್ಕಡಿಯ ಮೇಲಿಟ್ಟು ವೆಯ್ಟ್ ನಾರ್ಮಲ್ ಎಂದರು. ಅವಳು ಬಾಯಿ ಮುಚ್ಚಿಕೊಂಡಳು.

ಪುಟ್ಟಿ ನೋಡನೋಡುತ್ತ ಚೆಲುವೆಯಾದಳು! ಕೆನ್ನೆ ತುಂಬಿಕೊಂಡವು. ಬಣ್ಣ ಬೆಳ್ಳಗಾಯಿತು. ಕಪ್ಪಗಿದ್ದ ಕೂದಲು ಕೆಂಚಗಾಗಿ ಬಿಸಿಲಿಗೆ ಹೊಳೆಯತೊಡಗಿತು. ಹೋಟೆಲಿಗೆ ಬಂದವರು ಫಾರಿನ್ ಕೂಸಿನ ಹಾಗಿದೆ ಎಂದು ಕೆನ್ನೆ ಹಿಂಡುತ್ತಿದ್ದರು. ಹಟವಿಲ್ಲ, ರಂಪವಿಲ್ಲ, ಕೂರಿಸಿದಲ್ಲಿ ಕೂರುತ್ತಿದ್ದಳು. ಅಜ್ಜಿ ದಿನಾ ದೃಷ್ಟಿ ತೆಗೆದು ಕೆನ್ನೆಗೆ ಕಪ್ಪು ಬೊಟ್ಟಿಡುತ್ತಿದ್ದರು. ಕಾಲಿನ ಬೆಳ್ಳಿ ಗೆಜ್ಜೆ ಬಿಗಿಯಾಗಿ ತೆಗೆಯಲಾಗದೆ ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿ, ದೊಡ್ಡ ಅಳತೆಯ ಹೊಸ ಗೆಜ್ಜೆ ಮಾಡಿಸಿದ್ದಾಯಿತು. ಅತ್ತಿಗೆ ಈ ಸುದ್ದಿಯನ್ನು ಸಪ್ಲಯರರಿಗೂ ಹೇಳಿ ಎಲ್ಲರಿಗೂ ಕೇಸರಿಬಾತು ಹಂಚಿದರು. ನಾನೂ ತಿಂದೆ.

ಡಾಕ್ಟರಬಾಯಿ ಪುಟ್ಟಿಯನ್ನು ಹತ್ತಿರದಿಂದ ನೋಡಿದವರಲ್ಲ. ನಮ್ಮ ಮನೆಯವರು ಚುಚ್ಚುಮದ್ದಿಗೂ ಏಸಿ ಇರುವ ಕಡೆಗೇ ಹೋಗುವವರು. ಬೈಯುವ ಡಾಕ್ಟರ ಹತ್ತಿರ ಹಣ ಕೊಟ್ಟು ಯಾರು ಹೋಗುತ್ತಾರೆ? ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿದ್ದು ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ಪುಟ್ಟ ಮಕ್ಕಳಿಗೆ ಬೋರನ್ಹಾಣ ಮಾಡುವ ಪದ್ಧತಿ. ಕೂಸಿಗೆ ಕಪ್ಪು ಬಟ್ಟೆ ಹಾಕಿ, ಸಕ್ಕರೆ ಕುಸುರಿಯಲ್ಲಿ ಮಾಡಿದ ಕಿರೀಟ, ಸರ, ತೋಳುಬಂದಿ ತೊಡಿಸಿ, ತಲೆಯ ಮೇಲಿಂದ ಎಲಚಿಹಣ್ಣು, ಮಂಡಕ್ಕಿ, ಮಿಠಾಯಿ ಸುರಿಯುತ್ತಾರೆ. ಸುತ್ತಲಿನ ಮಕ್ಕಳು ಮೈಮೇಲೆ ಬಿದ್ದು ಆರಿಸಿಕೊಳ್ಳಬೇಕು. ಅತ್ತಿಗೆ ಪುಣೆಯ ಈ ಪದ್ಧತಿಯನ್ನು ನಮ್ಮೂರಿನ ಕೋಲ, ನೇಮದಷ್ಟೇ ಜೋರಾಗಿ ಮಾಡಿದರು. ಮಹಡಿಯ ತುಂಬ ಹೆಂಗಸರು. ಎಲ್ಲರ ಬಾಯಲ್ಲೂ ಒಂದೇ ಮಾತು, "ಕಿತಿ ಗುಟಗುಟೀತ!" ಎಷ್ಟು ದುಂಡಗಿದ್ದಾಳೆ, ಎಂದು.

ಮಿಠಾಯಿ ಸುರಿದರು. ಮಕ್ಕಳು ಕೂಗಾಡುತ್ತ ಮುತ್ತಿದರು. ನಡುವೆ ಪುಟ್ಟಿ, ತೊಡೆಯ ಮೇಲೆ ಬಿದ್ದ ಮಿಠಾಯಿಯ ಕಡೆಗೂ ಕೈ ಚಾಚದೆ ಕೂತಿದ್ದಳು. ಬಾಗಿಲ ಹತ್ತಿರ ಕೂತಿದ್ದ ಡಾಕ್ಟರಬಾಯಿ ಎದ್ದದ್ದನ್ನು ನಾನು ನೋಡಿದೆ. ಮಕ್ಕಳನ್ನು ಸರಿಸಿಕೊಂಡು ಬಂದು ಪುಟ್ಟಿಯ ಎದುರು ನೆಲದ ಮೇಲೆ ಕೂತರು. ಹೊಸ ಗೆಜ್ಜೆ ಮೇಲಕ್ಕೆ ಸರಿಸಿದರು. ಹೆಬ್ಬೆರಳು ಸೆರಗಿಗೆ ಉಜ್ಜಿದರು. ಒತ್ತಿದರು.

ಬೆರಳು ತೆಗೆದಾಗ ಆ ಪುಟ್ಟ ಪಾದದ ಮೇಲೆ ಗುಳಿ ಬಿದ್ದಿತ್ತು. ಕಲಸಿಟ್ಟ ಚಪಾತಿ ಹಿಟ್ಟಿನಲ್ಲಿ ಬೆರಳೊತ್ತಿದರೆ ಉಳಿಯುತ್ತದಲ್ಲ, ಹಾಗೆ. ತುಂಬಿಕೊಳ್ಳುತ್ತದೆಂದು ಕಾದೆ. ತುಂಬಿಕೊಳ್ಳಲಿಲ್ಲ. ಇನ್ನೊಂದು ಪಾದವನ್ನೂ ಒತ್ತಿದರು, ಅಲ್ಲಿಯೂ ಗುಳಿ. ಅವರು ಹಿಂದೆ ಮಾಡಿದ ಪಾಠವೆಲ್ಲ ಒಮ್ಮೆಗೇ ನೆನಪಾಯಿತು. ದೀಪದ ಬುಡದಲ್ಲಿ ಕತ್ತಲು ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟವನು ನಾನು. ಕೆಳಗೆ ಊರಿಗೆಲ್ಲ ಅನ್ನ ಬಡಿಸುತ್ತಿದ್ದೆವು, ಮೇಲೆ ನಮ್ಮ ಕೂಸು ಅನ್ನವಿಲ್ಲದೆ ಉಬ್ಬಿಕೊಂಡಿತ್ತು.

"ಏನು ಕೊಡ್ಲಿಕ್ಕತ್ತೀರಿ ಅಕ್ಕಾರ, ಕೂಸಿಗೆ?" ಡಾಕ್ಟರಬಾಯಿಯ ದನಿ ಎಂದೂ ಅಷ್ಟು ಮೆತ್ತಗಿದ್ದದ್ದಿಲ್ಲ. ನನಗೆ ಗುಳಿ ನೋಡಿದ್ದಕ್ಕಿಂತ ಆ ದನಿ ಕೇಳಿ ಹೆಚ್ಚು ಹೆದರಿಕೆಯಾಯಿತು.

ಅತ್ತಿಗೆ ಅರಳಿದರು. "ಕೂವೆ ಡಾಕ್ಟ್ರೇ. ಊರಿಂದ ತರಿಸಿದ್ದು, ಅಂಗಡಿಯದ್ದಲ್ಲ."

"ಮತ್ತ?"

"ಮತ್ತೆ ಎಂತ ಬೇಕು? ನೋಡಿ ಹೇಗಿದ್ದಾಳೆ!"

"ಈಗ ಆಸ್ಪತ್ರಿಗೆ ಹೋಗೂಣು, ಏಳ್ರಿ. ಈಗಿಂದೀಗ."

"ಹಬ್ಬದ ದಿನ ಇದೆಂತ ಮಾತು? ನಮ್ಮದು ಹೋಟೆಲು ಮಾರಾಯ್ರೆ, ನಮ್ಮ ಮಗುವಿಗೆ ಊಟಕ್ಕೆ ಬರವಾ?" ಅತ್ತಿಗೆಯ ಮುಖ ಕೆಂಪಾಯಿತು. ಹೆಂಗಸರು ತಾಂಬೂಲ ಹಿಡಿದುಕೊಂಡೇ ನಿಂತರು.

ಡಾಕ್ಟರಬಾಯಿ ವಾದಕ್ಕೆ ನಿಲ್ಲಲಿಲ್ಲ. ಸಕ್ಕರೆಯ ಕಿರೀಟ ತೆಗೆದು ಪಕ್ಕಕ್ಕಿಟ್ಟು, ಪುಟ್ಟಿಯ ಅಮ್ಮನನ್ನು ಹುಡುಕಿ ಅವಳ ಕಣ್ಣನ್ನೇ ನೋಡಿದರು. "ನೀ ತಾಯಿ ಇದ್ದೀ. ನೀ ಹೇಳವಾ." ಆ ಹುಡುಗಿ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ರಿಕ್ಷಾದಲ್ಲಿ ಕೂತ ಮೇಲೆ, "ನಂಗೆ ಗೊತ್ತಿತ್ತು ಆಂಟಿ, ಏನೋ ಸರಿ ಇಲ್ಲ ಅಂತ ಗೊತ್ತಿತ್ತು" ಎಂದು ಬಿಕ್ಕಿದಳಂತೆ.

ಮಕ್ಕಳ ವಾರ್ಡಿನಲ್ಲಿ ನಾವು ಕಂಡದ್ದು ಎಣಿಸಿಯೇ ಇರದಂಥದ್ದು. ಅಣ್ಣ ಮೊದಲ ದಿನವೇ ನಾಲ್ಕು ಅಂಕಣದ ಕ್ಯಾರಿಯರ್ ತಂದ. ಬೇಳೆ ಪಾಯಸ, ಬಾದಾಮಿ ಹಾಲು, ತುಪ್ಪದನ್ನ. ಹೊಟ್ಟೆಗಿಲ್ಲದೆ ಆದದ್ದು ಎಂದಮೇಲೆ ಹೊಟ್ಟೆ ತುಂಬಿಸಿದರಾಯಿತು, ಹೋಟೆಲಿನವನ ಬುದ್ಧಿ. ಡಾಕ್ಟರಬಾಯಿ ಕ್ಯಾರಿಯರನ್ನು ವಾರ್ಡಿನ ಹೊರಗೇ ಕಿತ್ತುಕೊಂಡರು. ಸತ್ವವಿಲ್ಲದೆ ಸೊರಗಿದ ಮೈಗೆ ಒಮ್ಮೆಲೇ ತುಂಬಿಸಿದರೆ ಎದೆಯೇ ನಿಂತುಹೋಗುತ್ತದಂತೆ. ಹೊತ್ತು ಹೊತ್ತಿಗೆ ಅಳತೆಯ ಹಾಲಿನ ಆಹಾರ, ಅದೂ ಗುಟುಕು ಗುಟುಕಾಗಿ. ಅದು ಅವರ ಆಸ್ಪತ್ರೆಯಲ್ಲ, ಅಲ್ಲಿ ಅವರಿಗೆ ಕೆಲಸವೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಬಂದು ಮಂಚದ ಪಕ್ಕ ನಿಲ್ಲುತ್ತಿದ್ದರು.

ಪುಟ್ಟಿಯ ಮೈಯಿಂದ ನೀರು ಇಳಿಯತೊಡಗಿತು. ಅದರ ಜೊತೆಗೆ ಪುಟ್ಟಿಯೂ ಇಳಿದಳು. ಕೆನ್ನೆ ಹೋಯಿತು. ದುಂಡನೆಯ ತೋಳು, ಅದರ ಮಡಿಕೆ ಎಲ್ಲ ಹೋದವು. ಪಕ್ಕೆಲುಬು ಎದ್ದು ಕಂಡಿತು, ತೊಡೆಯ ಚರ್ಮ ಜೋತಾಡಿತು. ಆಸ್ಪತ್ರೆಗೆ ಸೇರಿಸುವಾಗ ದುಂಡಗಿದ್ದ ಕೂಸು ಒಂದು ವಾರ ಕಳೆಯುವುದರೊಳಗೆ, ನಾನು ತಗಡಿನ ಶೆಡ್ಡಿನಲ್ಲಿ ನೋಡಿದ್ದ ಆ ಕೂಸೇ ಆಗಿ ಮಲಗಿತ್ತು. ನಾನು ನೋಡಲಾರದೆ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ.

ಅತ್ತಿಗೆಗೆ ತಡೆಯಲಾಗಲಿಲ್ಲ. "ಕೊಂದು ಹಾಕಿದ್ರು! ನನ್ನ ಬಂಗಾರದಂಥ ಮಗುವನ್ನು ತಂದು ಕೊಟ್ಟೆ, ಉಪವಾಸ ಹಾಕಿ ಎಲುಬು ಮಾಡಿಟ್ರು!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು. ಅಣ್ಣ ರಿಕ್ಷಾ ಕರೆಸಿಯೇ ಬಂದಿದ್ದ; ಮಗುವನ್ನು ಈಗಲೇ ಮನೆಗೆ ಕರೆದುಕೊಂಡು ಹೋಗುವುದು, ಕೂವೆ ಕೊಡುವುದು, ಮೊದಲಿನ ಹಾಗೆ ಮಾಡಿಕೊಳ್ಳುವುದು. ನರ್ಸು ಅಡ್ಡ ಬಂದಳು. ಅಣ್ಣ ಸಹಿ ಎಲ್ಲಿ ಹಾಕಬೇಕು ಹೇಳಿ ಎಂದು ಗದರಿದ. ಪುಟ್ಟಿಯ ಅಮ್ಮ ಮಂಚದ ಕಂಬಿ ಹಿಡಿದು ನಿಂತಳು, ಬಿಡಲಿಲ್ಲ.

ಡಾಕ್ಟರಬಾಯಿ ಬಂದದ್ದು ಅಷ್ಟು ಹೊತ್ತಿಗೆ. ಅವರು ಅಣ್ಣನ ಕಡೆ ನೋಡಲೇ ಇಲ್ಲ. ನೇರ ಅತ್ತಿಗೆಯ ಹತ್ತಿರ ಹೋಗಿ ಅವರ ಬಲಗೈ ಹಿಡಿದು, ಹೆಬ್ಬೆರಳನ್ನು ಪುಟ್ಟಿಯ ಪಾದದ ಮೇಲಿಟ್ಟು ತಮ್ಮ ಕೈಯಿಂದ ಅದುಮಿದರು. ಬೆರಳು ತೆಗೆಸಿದರು. ಪಾದದಲ್ಲಿ ಗುಳಿ ಇರಲಿಲ್ಲ.

"ಅವತ್ತು ನಿಮ್ಮ ಮನ್ಯಾಗ ಒತ್ತಿದಾಗ ಎಷ್ಟು ಆಳ ಬಿದ್ದಿತ್ತು, ನೀವೂ ನೋಡೀರಿ. ನೀರು ಹೋಗ್ಯದ. ನಿಮ್ಮ ಮೊಮ್ಮಗಳು ಇಕಿ. ಮೊದಲಿಂದೂ ಇಷ್ಟ ಇದ್ಲು ಅಕ್ಕಾರ. ನೀವು ನೀರಿಗೆ ದೃಷ್ಟಿ ತಗೀಲಿಕ್ಕತ್ತಿದ್ರಿ."

ಅತ್ತಿಗೆ ಮಗುವಿನ ಮುಖ ನೋಡಿದರು, ಪಾದ ನೋಡಿದರು. "ಇಷ್ಟೇ ಇದ್ದದ್ದಾ ನಮ್ಮ ಪುಟ್ಟಿ?" ಎಂದರು. ಸಿಟ್ಟೆಲ್ಲ ಎಲ್ಲಿ ಹೋಯಿತೋ. "ಕೂವೆ ಕೆಟ್ಟದ್ದಾ ಡಾಕ್ಟ್ರೇ?"

"ಕೆಟ್ಟದ್ದಲ್ಲ. ಹೊಟ್ಟಿ ಕೆಟ್ಟಾಗ ಎರಡು ದಿನ ಕೊಡೂದು. ಅದರ ಮ್ಯಾಲ ಕೂಸು ಬದುಕೂದಿಲ್ಲ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ."

ನಾನು ಸಮಾಧಾನದ ಉಸಿರು ಬಿಡುವುದರಲ್ಲಿದ್ದೆ. ಅಣ್ಣ ಕೆಳಗೆ ಹೋಗಿ ರಿಕ್ಷಾದವನನ್ನು ಕಳಿಸಿದ. ಪುಟ್ಟಿ ಉಳಿದಳು ಎಂದು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ನನಗೆ ಸೇರುವುದಿಲ್ಲ. ಈಗ ಅವಳು ಶಾಲೆಗೆ ಹೋಗುತ್ತಾಳೆ, ಮನೆಯಲ್ಲಿ ಅವಳ ರಂಪಕ್ಕೆ ಹಂಚು ಹಾರುತ್ತದೆ. ಆದರೆ ಅವತ್ತು ಅತ್ತಿಗೆ ಅಲ್ಲಿಗೇ ನಿಲ್ಲಿಸಲಿಲ್ಲ. ಮಂಚದ ಅಂಚಿನಲ್ಲಿ ಕೂತಿದ್ದವರು ತಟ್ಟನೆ ತಲೆಯೆತ್ತಿದರು. ಆ ಮುಖವನ್ನು ನಾನು ಮರೆಯಲಾರೆ.

"ಡಾಕ್ಟ್ರೇ, ನಾನು ಬೇರೆಯವರಿಗೂ ಕೊಟ್ಟಿದ್ದೇನೆ."

"ಯಾರಿಗೆ?"

"ಹಿಂದಿನ ಗಲ್ಲಿಯಲ್ಲಿ. ಮಕ್ಕಳಿರುವ ಮನೆಗೆ. ಪುಟ್ಟಿಯನ್ನು ನೋಡಿ ಕೇಳಿದ್ರು. ಡಬ್ಬಿ ಡಬ್ಬಿ ಕೊಟ್ಟಿದ್ದೇನೆ."

ಡಾಕ್ಟರಬಾಯಿ ಬೈಯಲಿಲ್ಲ. ಕೈಚೀಲ ಹೆಗಲಿಗೇರಿಸಿ, "ಏಳ್ರಿ. ಮಾಸ್ತರ, ನೀವೂ ಬರ್ರಿ, ಇವ್ರು ಬಿದ್ರ ಹಿಡೀಲಿಕ್ಕೆ" ಎಂದರು.

ಮೊದಲ ಮನೆಯಲ್ಲಿ ಡಬ್ಬಿಯನ್ನು ತೆರೆದೇ ಇರಲಿಲ್ಲ. ಕೂಸಿನ ಅಜ್ಜ ಇದೆಂಥ ಸುಣ್ಣ ಎಂದು ಅಟ್ಟಕ್ಕೆ ಹಾಕಿಸಿದ್ದನಂತೆ. ಆ ಅಜ್ಜನ ಕಾಲಿಗೆ ಬೀಳಬೇಕೆನಿಸಿತು ನನಗೆ. ಎರಡನೆಯ ಮನೆಯ ಹುಡುಗ ಕೂವೆಯನ್ನೂ ತಿಂದು, ಬೇಳೆ ಕಲಸಿದ ಅನ್ನ, ಅಂದರೆ ವರಣಭಾತನ್ನೂ ತಿಂದು, ಡಾಕ್ಟರಬಾಯಿ ಪಾದ ಹಿಡಿದ ಕೂಡಲೇ ಅವರ ಕನ್ನಡಕ ಕಿತ್ತು ಎಸೆದ. ಅಲ್ಲಿಯೂ ಬಚಾವು. ಅತ್ತಿಗೆಯ ಮುಖದಲ್ಲಿ ರಕ್ತ ಸ್ವಲ್ಪ ವಾಪಸು ಬಂತು. ಇನ್ನೊಂದೇ ಮನೆ ಎಂದರು.

ಮೂರನೆಯದು ವಾಡೆಯ ಮರದ ಮೆಟ್ಟಿಲು ಹತ್ತಿ ಹೋಗಬೇಕಾದ ಕೋಣೆ. ಬಾಗಿಲು ತೆರೆದವಳು ಚಿಕ್ಕ ಪ್ರಾಯದ ಹುಡುಗಿ, ಸಂಕ್ರಾಂತಿಗೆ ಎಷ್ಟೋ ಮೊದಲೇ ನಮ್ಮ ಮನೆಯಿಂದ ಡಬ್ಬಿ ಒಯ್ದಿದ್ದವಳು, ಹಬ್ಬಕ್ಕೆ ಬಂದಿರಲಿಲ್ಲ. ಸೊಂಟದ ಮೇಲೆ ಮಗ. ಬೆಳ್ಳಗೆ, ದುಂಡಗೆ, ಹೆಗಲಿಗೆ ತಲೆಯಾನಿಸಿ ಸುಮ್ಮನಿದ್ದ. ಅತ್ತಿಗೆಯನ್ನು ಕಂಡದ್ದೇ ಅವಳ ಮುಖ ಅರಳಿತು. "ಯಾ ಆಜೀ! ಬಘಾ, ತುಮಚ್ಯಾ ಪಾವಡರನೆ ಕಸಾ ಗುಟಗುಟೀತ ಝಾಲಾಯ್!" ಬನ್ನಿ ಅಜ್ಜಿ, ನಿಮ್ಮ ಪುಡಿಯಿಂದ ಇವನು ಹೇಗೆ ದುಂಡಗಾಗಿದ್ದಾನೆ ನೋಡಿ, ಎಂದಳು. ಎಂದು, ಬಗ್ಗಿ ಅತ್ತಿಗೆಯ ಕಾಲು ಮುಟ್ಟಿ ನಮಸ್ಕರಿಸಿದಳು.

ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. "ನೀವೇ ಹೇಳಿ ಡಾಕ್ಟ್ರೇ, ನನ್ನಿಂದಾಗುದಿಲ್ಲ."

ಡಾಕ್ಟರಬಾಯಿ ಹೊಸ್ತಿಲಿನ ಆಚೆಯೇ ನಿಂತರು. ಆ ಹುಡುಗಿಗೆ ತಿಳಿಯದ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: "ನಾ ಹೇಳಿದ್ರ ಆಕಿ ನಂಬೂದಿಲ್ಲ, ಬಾಗಿಲಾ ಹಾಕ್ತಾಳ. ನೀವು ಹೇಳಿದ್ದು ನಂಬ್ಯಾಳ, ಅದಕ್ಕ ಹಿಂಗಾಗ್ಯದ. ಈಗೂ ನಿಮ್ಮನ್ನ ನಂಬ್ತಾಳ. ಹೋಗ್ರಿ ಒಳಗ."

ಅತ್ತಿಗೆ ನನ್ನ ತೋಳು ಬಿಟ್ಟು ಒಳಗೆ ಹೋದರು. ನೆಲದ ಮೇಲೆ ಕೂತು ಕೈ ಚಾಚಿದರು. ಆ ಹುಡುಗಿ ಸಂತೋಷದಿಂದ ಮಗನನ್ನು ಅವರ ತೊಡೆಯ ಮೇಲೆ ಕೂರಿಸಿದಳು. ಅತ್ತಿಗೆ ಅವನ ಕಾಲುಚೀಲ ಬಿಚ್ಚಿ, ಪಾದದ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿ ಒತ್ತಿದರು. ಅಜ್ಜಿ ಏನೋ ಶಾಸ್ತ್ರ ಮಾಡುತ್ತಿದ್ದಾರೆ ಎಂದುಕೊಂಡು ಅವಳು ನಗುತ್ತ ಕೈಮುಗಿದು ನಿಂತಳು. ಅತ್ತಿಗೆ ಬೆರಳು ತೆಗೆದರು, ಕಣ್ಣು ತೆರೆದರು.

"ಮಾಝಂ ಚುಕಲಂ, ಪೋರೀ" ಎಂದರು, ನನ್ನಿಂದ ತಪ್ಪಾಯಿತು ಮಗಳೇ ಎಂದು.

"ಕಾಯ್ ಝಾಲಂ ಆಜೀ?" ಏನಾಯ್ತು ಅಜ್ಜಿ, ಎನ್ನುತ್ತ ಆ ಹುಡುಗಿ ಇನ್ನೂ ನಗುತ್ತಲೇ ಬಗ್ಗಿ ಮಗನ ಪಾದ ನೋಡಿದಳು.